ಹಳೆಯ ಪಿಕಪ್‌ಗೆ ಹೊಸ ಶಾಕಪ್: ಕೊಳ್ಳುವ ಮುನ್ನ ಅಳತೆ ತೆಗೆಯಿರಿ

ಹತ್ತು ಹದಿನೈದು ವರ್ಷ ದುಡಿದ ಪಿಕಪ್ ವಾಹನವು ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಕ್ರೇಟುಗಳನ್ನು ಇಳಿಸಿ ಖಾಲಿ ಮರಳುವಾಗ ಅದರ ಹಿಂಭಾಗ ಪ್ರತಿ ಉಬ್ಬಿಗೂ ಕುಪ್ಪಳಿಸಿ ಪಕ್ಕಕ್ಕೆ ಜಾರತೊಡಗಿದರೆ, ‘ಹೆವಿ ಡ್ಯೂಟಿ ಶಾಕಪ್ ಹಾಕಿಸಿಬಿಡಿ’ ಎಂಬ ಸಲಹೆ ಬೇಗನೆ ಬರುತ್ತದೆ. ಆದರೆ ಭಾರ ಹೊರುವುದು ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗೇ ಹೊರತು ಶಾಕಪ್, ಅಂದರೆ ಶಾಕ್ ಅಬ್ಸಾರ್ಬರ್, ಅಲ್ಲ. ಕೊಳವೆಯೊಳಗಿನ ಎಣ್ಣೆಯನ್ನು ಪಿಸ್ಟನ್ನಿನ ಕಿರಿದಾದ ಕವಾಟಗಳ ಮೂಲಕ ಹಾಯಿಸಿ, ಸ್ಪ್ರಿಂಗಿನ ಕುಲುಕಾಟವನ್ನು ಶಾಖವಾಗಿ ಮಾರ್ಪಡಿಸುವುದಷ್ಟೇ ಅದರ ಕೆಲಸ. ಸ್ಪ್ರಿಂಗ್ ಕುಸಿದಿದ್ದರೆ ಎಷ್ಟು ಗಟ್ಟಿ ಶಾಕಪ್ ಹಾಕಿದರೂ ಗಾಡಿ ಎತ್ತರಕ್ಕೆ ಬರುವುದಿಲ್ಲ.

ಆದ್ದರಿಂದ ಮೊದಲು ದೋಷ ಎಲ್ಲಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಕಾರಿನಂತೆ ಮೂಲೆಯನ್ನು ಒತ್ತಿ ನೋಡುವ ಪರೀಕ್ಷೆ ಪಿಕಪ್‌ನ ಬಿಗಿಯಾದ ಸ್ಪ್ರಿಂಗಿಗೆ ಹೆಚ್ಚು ಉಪಯೋಗಕ್ಕೆ ಬಾರದು. ಅದರ ಬದಲು ಹದಗೆಟ್ಟ ರಸ್ತೆಯಲ್ಲಿ ಕೆಲವು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ಶಾಕಪ್‌ಗಳ ಬಳಿಗೆ ಎಚ್ಚರಿಕೆಯಿಂದ ಕೈ ಒಯ್ಯಿರಿ. ಕೆಲಸ ಮಾಡುತ್ತಿರುವುದು ಬಿಸಿಯಾಗಿರುತ್ತದೆ, ಸತ್ತದ್ದು ತಣ್ಣಗಿರುತ್ತದೆ. ಸೀಲಿನ ಸುತ್ತ ತೆಳುವಾದ ಎಣ್ಣೆಯ ಪಸೆ ಇದ್ದರೆ ಗಾಬರಿ ಬೇಡ. ಎಣ್ಣೆ ಕೊಳವೆಯ ಉದ್ದಕ್ಕೂ ಇಳಿದು ಧೂಳು ಮೆತ್ತಿಕೊಂಡಿದ್ದರೆ ಬದಲಿಸುವುದೇ ಸರಿ. ಟೈರಿನ ಮೈ ಅಲ್ಲಲ್ಲಿ ಬಟ್ಟಲಿನಂತೆ ಸವೆದಿರುವುದೂ ಒಂದು ಸುಳಿವು. ಬರಿಯ ‘ಟಕ್ ಟಕ್’ ಸದ್ದಾಗಿದ್ದರೆ ಶಾಕಪ್‌ನ ತುದಿಯಲ್ಲಿರುವ ರಬ್ಬರಿನ ಬುಷ್ ಬದಲಿಸಿದರೇ ಸಾಕಾಗಬಹುದು.

ಮುಂದಿನ ಹಂತ ಅಳತೆ. ಹಳೆಯ ಗಾಡಿಗಳಲ್ಲಿ ಇದನ್ನು ಬಿಟ್ಟವರೇ ಹೆಚ್ಚು ಕೈ ಸುಟ್ಟುಕೊಳ್ಳುವುದು. ಹೆಚ್ಚು ಮಾಲು ಹೇರಲೆಂದು ಹಿಂದಿನ ಮಾಲೀಕರು ಸ್ಪ್ರಿಂಗಿಗೆ ಒಂದೆರಡು ಪ್ಲೇಟ್ ಸೇರಿಸಿದ್ದರೆ ಗಾಡಿ ಎತ್ತರವಾಗಿರುತ್ತದೆ. ಆಗ ಕಂಪನಿಯ ಮೂಲ ಅಳತೆಯ ಶಾಕಪ್ ಚಕ್ರ ಹಳ್ಳಕ್ಕೆ ಇಳಿದಾಗಲೆಲ್ಲ ಪೂರ್ತಿ ಚಾಚಿ ಜಗ್ಗಿಸಿಕೊಂಡು ಬೇಗ ಕೆಡುತ್ತದೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನ ಬೋಲ್ಟಿನ ನಡುವಿಗೆ ಖಾಲಿಯಿದ್ದಾಗ ಒಮ್ಮೆ, ಭಾರ ಹೇರಿದಾಗ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ಚಕ್ರಗಳ ಅಚ್ಚಾದ ಆಕ್ಸಲ್, ತಾನು ಇನ್ನೂ ಮೇಲೇರದಂತೆ ತಡೆಯುವ ಬಂಪ್ ಸ್ಟಾಪ್‌ಗೆ ತಾಗಿದಾಗಲೂ ಶಾಕಪ್ ಇನ್ನೂ ಅರ್ಧದಿಂದ ಒಂದು ಇಂಚು ಕುಗ್ಗುವಷ್ಟು ಅವಕಾಶವಿರಬೇಕು. ಬುಷ್‌ನ ಒಳವ್ಯಾಸ ಹಾಗೂ ತುದಿಯಲ್ಲಿರುವುದು ಉಂಗುರವೋ ಕಡ್ಡಿಯೋ ಎಂಬುದನ್ನೂ ಗುರುತಿಸಿಕೊಳ್ಳಿ.

ಅನಂತರ ಬಗೆಯ ಪ್ರಶ್ನೆ. ಬರಿಯ ಎಣ್ಣೆಯ ಶಾಕಪ್ ಅಗ್ಗ. ಊರೊಳಗಿನ ನಿಧಾನ ಓಡಾಟಕ್ಕೆ ಅದು ಸಾಲುತ್ತದೆ. ಕೆಟ್ಟ ರಸ್ತೆಯಲ್ಲಿ ದಿನವಿಡೀ ಓಡುವ ಗಾಡಿಯಲ್ಲಿ ಎಣ್ಣೆ ನೊರೆಗಟ್ಟಿ ಹಿಡಿತ ಸಡಿಲವಾಗುವುದರಿಂದ, ಅದನ್ನು ತಡೆಯುವ ನೈಟ್ರೋಜನ್ ತುಂಬಿದ ಗ್ಯಾಸ್ ಶಾಕಪ್ ಮೇಲು. ದಿನದ ಅರ್ಧ ದಾರಿ ಖಾಲಿ ಓಡುವ ಪಿಕಪ್‌ಗೆ ಅತಿ ಗಟ್ಟಿಯಾದುದನ್ನು ನಾನಂತೂ ಸೂಚಿಸಲಾರೆ, ಏಕೆಂದರೆ ಭಾರವಿಲ್ಲದಾಗ ಚಕ್ರ ನೆಲ ಬಿಡುವುದು ಅದರಿಂದ ಇನ್ನೂ ಹೆಚ್ಚಾಗಬಹುದು.

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಲಿ, ನಿಮ್ಮೂರಿನ ಬಿಡಿಭಾಗದ ಅಂಗಡಿಗೇ ಹೋಗಲಿ, ಚಾಸಿ ನಂಬರನ್ನೂ ಕಳಚಿದ ಹಳೆಯ ಶಾಕಪ್ಪನ್ನೂ ಒಯ್ಯಿರಿ. ಒಂದೇ ಹೆಸರಿನ ಗಾಡಿಗೂ ವರ್ಷದಿಂದ ವರ್ಷಕ್ಕೆ ಭಾಗಗಳು ಬದಲಾಗಿರುತ್ತವೆ. ಹಳೆಯದನ್ನೇ ದುರಸ್ತಿ ಮಾಡಿ ಬಣ್ಣ ಬಳಿದ ರಿಕಂಡಿಷನ್ ಮಾಲನ್ನು ಕೊಳವೆಯ ಮೇಲಿನ ಹೊಸ ವೆಲ್ಡಿಂಗ್ ಗುರುತಿನಿಂದ ಪತ್ತೆ ಹಚ್ಚಬಹುದು. ಕೊಳ್ಳುವುದು ಯಾವಾಗಲೂ ಜೋಡಿಯಾಗಿ, ಒಂದು ಆಕ್ಸಲ್‌ಗೆ ಎರಡು.

ಒಂದರೊಳಗೊಂದು ಎರಡು ಕೊಳವೆಗಳಿರುವ ಶಾಕಪ್ ಅಂಗಡಿಯಲ್ಲಿ ಮಲಗಿಸಿಟ್ಟಿದ್ದರೆ ಒಳಗೆ ಗಾಳಿ ಸೇರಿರುತ್ತದೆ. ಜೋಡಿಸುವ ಮೊದಲು ಅದನ್ನು ನೆಟ್ಟಗೆ ಹಿಡಿದು ನಾಲ್ಕೈದು ಬಾರಿ ಪೂರ್ತಿ ಒತ್ತಿ ಎಳೆದರೆ, ಮೊದಲೆರಡು ಸಲ ಕೈಗೆ ಸಿಕ್ಕ ಪೊಳ್ಳು ಮಾಯವಾಗಿ ಉದ್ದಕ್ಕೂ ಒಂದೇ ಬಿಗಿ ಬರುತ್ತದೆ. ಉಂಗುರದ ತುದಿಯ ಬೋಲ್ಟುಗಳನ್ನು ಜಾಕ್ ಮೇಲೆ ಇರುವಾಗ ಸುಮ್ಮನೆ ಕೂರಿಸಿ, ಗಾಡಿ ತನ್ನ ಚಕ್ರಗಳ ಮೇಲೆ ನಿಂತ ಬಳಿಕವೇ ಕೊನೆಯ ಬಿಗಿ ಕೊಡಬೇಕು. ಇಲ್ಲದಿದ್ದರೆ ಹೊಸ ಬುಷ್‌ನ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.