ಲಾರಿಯ ಜಾಯಿಂಟ್ ಶಾಫ್ಟ್‌ಗೆ ಮನೆಯಂಗಳದ ಉಪಚಾರ

ಎಂಜಿನ್ ಆಯಿಲ್ ನೋಡುವವರಿದ್ದಾರೆ, ಟೈರಿನ ಗಾಳಿ ನೋಡುವವರಿದ್ದಾರೆ. ಗಾಡಿಯ ಹೊಟ್ಟೆಯಡಿ ತಿರುಗುವ ಆ ಉದ್ದನೆಯ ಶಾಫ್ಟನ್ನು ಮಾತ್ರ ಕೇಳುವವರೇ ಇಲ್ಲ. ಗೇರ್‌ಬಾಕ್ಸಿನ ಬಲವನ್ನೆಲ್ಲ ಹಿಂಚಕ್ರಗಳ ನಡುವಿನ ಗೇರುಗಳ ಗೂಡಾದ ಹಿಂದಿನ ಹೌಸಿಂಗ್‌ಗೆ ಮುಟ್ಟಿಸುವುದು ಅದೇ. ಅದರ ಆರೈಕೆಯಲ್ಲಿ ಮುಕ್ಕಾಲು ಪಾಲು ಕಣ್ಣಾಡಿಸುವುದು, ಕೈಯಾಡಿಸುವುದು, ಗ್ರೀಸ್ ಹೊಡೆಯುವುದು, ಅಷ್ಟೇ. ಪಾನಾ ಹಿಡಿದು ಬಿಚ್ಚುವ ಕೆಲಸ ಅಪರೂಪಕ್ಕೆ ಬರುವಂಥದ್ದು. ಬಿಚ್ಚುವ ಚಪಲ ಇರುವವರಿಗೇ ತೊಂದರೆ ಜಾಸ್ತಿ.

ಮೊದಲು ಕಿವಿ ಕೊಡಿ. ನಿಧಾನ ಹೋಗುವಾಗ ಕಿರ್ ಕಿರ್ ಎಂದು ತಾಳ ಹಾಕಿದಂತೆ ಸದ್ದು ಬಂದು, ವೇಗ ಏರಿದಂತೆ ಅದೂ ಚುರುಕಾದರೆ ಶಾಫ್ಟಿನ ತುದಿಯ ಜಾಯಿಂಟಿನಲ್ಲಿರುವ, ಕೂಡುವ ಗುರುತಿನಾಕಾರದ ಕ್ರಾಸಿನ ಬೇರಿಂಗ್ ಒಣಗಿದೆ ಎಂದುಕೊಳ್ಳಿ. ಮುಂದಿನ ಗೇರಿನಿಂದ ರಿವರ್ಸ್‌ಗೆ ಹಾಕಿದಾಗ ಅಡಿಯಲ್ಲಿ ಟಕ್ ಎಂದು ಬಡಿದರೆ ಎಲ್ಲೋ ಸವೆದು ಆಟ, ಅಂದರೆ ಸಡಿಲ, ಬಂದಿದೆ. ಭಾರ ಹೊತ್ತು ಹೊರಡುವಾಗ ಮಾತ್ರ ಗಾಡಿ ನಡುಗಿದರೆ ಎರಡು ತುಂಡಿನ ಶಾಫ್ಟನ್ನು ನಡುವೆ ಹೊತ್ತಿರುವ ಸೆಂಟರ್ ಬೇರಿಂಗ್ ಕಡೆ ನೋಡಬೇಕು. ಒಂದು ವೇಗ ದಾಟಿದ ಮೇಲೆ ನೆಲಹಾಸೇ ಗುಂಯ್‌ಗುಡುತ್ತಿದ್ದರೆ, ಖಾಲಿ ರಸ್ತೆಯಲ್ಲಿ ಅದೇ ವೇಗದಲ್ಲಿ ಕ್ಷಣಹೊತ್ತು ನ್ಯೂಟ್ರಲ್‌ಗೆ ತನ್ನಿ. ನಡುಕ ಅಲ್ಲಿಗೇ ನಿಂತರೆ ಎಂಜಿನ್ ಕಡೆಯದು. ಹಾಗೇ ಉಳಿದರೆ ಶಾಫ್ಟ್ ಅಥವಾ ಚಕ್ರದ್ದು. ಚಕ್ರ ಒಂದು ಸುತ್ತು ಸುತ್ತುವಷ್ಟರಲ್ಲಿ ಶಾಫ್ಟ್ ಸಾಮಾನ್ಯವಾಗಿ ಹಲವು ಸುತ್ತು ತಿರುಗಿರುತ್ತದೆ. ಹಾಗಾಗಿ ಚಕ್ರದ ಅದುರು ದಪ್ಪಗೆ ಕುಲುಕಿದಂತಿರುತ್ತದೆ, ಶಾಫ್ಟಿನದು ಸಣ್ಣಗೆ, ಬೇಗ ಬೇಗ ಇರುತ್ತದೆ.

ಇನ್ನು ಅಡಿಗೆ ಇಳಿಯುವ ಮಾತು. ಗಟ್ಟಿ ಸಮತಟ್ಟು ನೆಲ ಬೇಕು. ಮುಂದಿನ ಚಕ್ರಗಳಿಗೆ ಹಿಂದೂ ಮುಂದೂ ಅಡೆ ಕೊಡಿ. ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಬೇಕಾದರೆ ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಬಿಟ್ಟು, ಹಿಂದಿನ ಚಕ್ರ ನೆಲ ಬಿಟ್ಟಿರಬೇಕು. ಅಂದರೆ ಗಾಡಿಯನ್ನು ಹಿಡಿದಿರುವುದು ಆ ಅಡೆ ಮತ್ತು ಸ್ಟ್ಯಾಂಡ್ ಎರಡೇ. ಜಾಕ್ ಎತ್ತುವುದಕ್ಕೆ, ಸ್ಟ್ಯಾಂಡ್ ನಿಲ್ಲಿಸುವುದಕ್ಕೆ. ಬರೀ ಜಾಕನ್ನು ನಂಬಿ ಯಾರೂ ಅಡಿಗೆ ಹೋಗಬೇಡಿ. ಇನ್ನೊಂದು ಸಂಗತಿ ಬಹಳ ಜನಕ್ಕೆ ಹೊಳೆಯುವುದಿಲ್ಲ: ಕೆಲವು ಲಾರಿಗಳಲ್ಲಿ ಹ್ಯಾಂಡ್ ಬ್ರೇಕ್ ಇರುವುದು ಚಕ್ರದಲ್ಲಲ್ಲ, ಗೇರ್‌ಬಾಕ್ಸಿನ ಹಿಂಬದಿಯಲ್ಲಿ. ಶಾಫ್ಟ್ ಬಿಚ್ಚಿದ ಕೂಡಲೇ ಆ ಬ್ರೇಕಿಗೂ ಚಕ್ರಕ್ಕೂ ಸಂಬಂಧ ಕಡಿಯಿತು. ಗೇರಿನಲ್ಲಿ ನಿಲ್ಲಿಸಿದ್ದೇನೆ ಎಂಬ ಧೈರ್ಯವೂ ಅಷ್ಟೇ, ಶಾಫ್ಟ್ ಕಳಚಿದ ಮೇಲೆ ಅದು ಚಕ್ರವನ್ನು ಹಿಡಿಯುವುದಿಲ್ಲ. ಎಂಜಿನ್ ಓಡಿಸಿ, ಗೇರ್ ಹಾಕಿ, ತಿರುಗುವ ಶಾಫ್ಟನ್ನು ಕೆಳಗೆ ಮಲಗಿ ನೋಡುವ ಸಾಹಸವಂತೂ ಬೇಡವೇ ಬೇಡ. ತೋಳಿನ ಬಟ್ಟೆ ಸಿಕ್ಕಿದರೆ ಕೈಯೂ ಅದರ ಹಿಂದೆಯೇ ಹೋಗುತ್ತದೆ.

ಮೊದಲು ಹಳೇ ಬಟ್ಟೆಯಿಂದ ಕ್ರಾಸ್ ಸುತ್ತ ಒರೆಸಿ. ಕ್ರಾಸಿನ ನಾಲ್ಕು ತುದಿಗೆ ಟೋಪಿಯಂತೆ ಕೂರುವ ಬೇರಿಂಗ್ ಕಪ್ಪುಗಳ ಅಂಚಿನಲ್ಲಿ ಕೆಂಪು ಪುಡಿ, ಕುಂಕುಮದಂಥದ್ದು, ಅಂಟಿದ್ದರೆ ಒಳಗಿನ ಸೂಜಿಯಂಥ ಸಣ್ಣ ಕಡ್ಡಿಗಳಾದ ನೀಡಲ್‌ಗಳು ಗ್ರೀಸ್ ಇಲ್ಲದೆ ತುಕ್ಕು ಹಿಡಿದು ಸವೆದಿವೆ. ಮತ್ತೆ ಗ್ರೀಸ್ ತುಂಬಿದರೂ ಅದು ಬದುಕುವುದಿಲ್ಲ, ಬದಲಾಯಿಸಲೇಬೇಕು. ಆಮೇಲೆ ಒಂದು ಕೈಯಲ್ಲಿ ಶಾಫ್ಟ್, ಇನ್ನೊಂದರಲ್ಲಿ ಕ್ರಾಸನ್ನು ಹಿಡಿದಿರುವ ಕವೆಯಂಥ ಯೋಕ್ ಹಿಡಿದು ಎದುರುಬದುರಾಗಿ ತಿರುಚಿ. ಮೇಲೆ ಕೆಳಗೆ ಒತ್ತಿಯೂ ನೋಡಿ. ಇಲ್ಲಿ ಮೋಸಹೋಗುವುದು ಸುಲಭ. ಶಾಫ್ಟ್ ತಿರುಚಿದಾಗ ಸ್ವಲ್ಪ ಅತ್ತಿತ್ತ ಹೋದ ಮಾತ್ರಕ್ಕೆ ಜಾಯಿಂಟ್ ಹೋಯಿತು ಎನ್ನಬೇಡಿ. ಹೌಸಿಂಗಿನ ಒಳಗೆ ಹಲ್ಲಿಗೂ ಹಲ್ಲಿಗೂ ನಡುವೆ ಕೊಂಚ ಸಡಿಲ ಇದ್ದೇ ಇರುತ್ತದೆ. ಕಣ್ಣನ್ನು ಕಪ್ ಮತ್ತು ಯೋಕ್ ಕೂಡುವ ಜಾಗದಲ್ಲೇ ನೆಡಿ. ಅಲ್ಲಿ ಒಂದು ಬಿಟ್ಟು ಇನ್ನೊಂದು ಕೂದಲೆಳೆಯಷ್ಟು ಅಲುಗಿದರೂ ಆ ಕ್ರಾಸಿನ ಕಾಲ ಮುಗಿಯಿತು.

ಸೆಂಟರ್ ಬೇರಿಂಗ್ ಇರುವ ಎರಡು ತುಂಡಿನ ಶಾಫ್ಟ್ ಆದರೆ ಅದರ ರಬ್ಬರ್ ಬಿರಿದಿದೆಯೇ, ಜೋತುಬಿದ್ದಿದೆಯೇ ನೋಡಿ. ಪೈಪಿನ ಮೇಲೆ ಒಣಗಿದ ಕೆಸರು ಮೆತ್ತಿಕೊಂಡಿದ್ದರೆ ಕೆರೆದು ತೆಗೆಯಿರಿ, ಎಷ್ಟೋ ಸಲ ನಡುಕಕ್ಕೆ ಅದೇ ಕಾರಣ. ಪೈಪಿಗೆ ವೆಲ್ಡ್ ಮಾಡಿದ ಚಿಕ್ಕ ತಗಡಿನ ಚೂರುಗಳು ತೂಕ ಸರಿದೂಗಿಸಲು ಇಟ್ಟವು, ಅವನ್ನು ಕಸವೆಂದು ಕೀಳಬೇಡಿ. ಅವು ಬಿದ್ದುಹೋದ ಗುರುತು ಕಂಡರೆ, ಅಥವಾ ಪೈಪ್ ನಗ್ಗಿದ್ದರೆ, ಬ್ಯಾಲೆನ್ಸ್ ಮಾಡುವ ವರ್ಕ್‌ಶಾಪಿಗೇ ಒಯ್ಯಬೇಕು. ಮನೆಯಲ್ಲಿ ಸುತ್ತಿಗೆಯಿಂದ ಸರಿಯಾಗುವ ಕೆಲಸ ಅಲ್ಲ.

ಗ್ರೀಸ್ ಹೊಡೆಯುವುದರಲ್ಲಿ ಜನ ಅವಸರ ಮಾಡುತ್ತಾರೆ. ಗ್ರೀಸ್ ಒಳಗೆ ಹೋಗುವ ನಿಪ್ಪಲ್ಲಿನ ಬಾಯನ್ನು ಮೊದಲು ಒರೆಸಿ, ಇಲ್ಲದಿದ್ದರೆ ಮರಳನ್ನೂ ನೀವೇ ಒಳಗೆ ತಳ್ಳಿದಂತಾಗುತ್ತದೆ. ಗಾಡಿಯ ಕೈಪಿಡಿ ಹೇಳಿದ ಗ್ರೀಸನ್ನೇ ಬಳಸಿ. ಸಾಮಾನ್ಯವಾಗಿ ಹೆಚ್ಚು ಒತ್ತಡ ತಾಳುವ 2ನೇ ನಂಬರಿನ ಲಿಥಿಯಂ ಗ್ರೀಸ್ ಹೇಳಿರುತ್ತಾರೆ. ಕೈಯಲ್ಲಿ ಒತ್ತುವ ಗನ್ ಒಳ್ಳೆಯದು, ಗಾಳಿಯ ಗನ್ ಒಂದೇಟಿಗೆ ಸೀಲ್ ಕಿತ್ತೀತು. ನಿಧಾನವಾಗಿ ಒತ್ತುತ್ತ ಹೋದರೆ ಮೊದಲು ಕಪ್ಪಗಿನ ಹಳೇ ಗ್ರೀಸ್ ಬರುತ್ತದೆ, ಹಿಂದೆಯೇ ಹೊಸ ಬಣ್ಣ ಇಣುಕುತ್ತದೆ. ಹಾಗೆ ನಾಲ್ಕೂ ಕಪ್ಪಿನ ಬಾಯಿಂದ ಹೊಸದು ಬರುವ ತನಕ ಬಿಡಬಾರದು. ಮೂರರಲ್ಲಿ ಬಂತು, ಸಾಕು ಅಂದಿರೋ, ನಾಲ್ಕನೆಯದೇ ಮುಂದೆ ಮುರಿಯುವುದು. ಬಾರದೆ ಹಟ ಹಿಡಿದ ಕಪ್ಪಿನ ಕಡೆಗೆ ಶಾಫ್ಟನ್ನು ಅತ್ತಿತ್ತ ಒತ್ತಿ, ಸ್ವಲ್ಪ ತಿರುಗಿಸಿ, ಮತ್ತೆ ಗನ್ ಒತ್ತಿ. ಆಗಲೂ ಬಾರದಿದ್ದರೆ ದಾರಿ ಕಟ್ಟಿದೆ, ಕ್ರಾಸ್ ಬಿಚ್ಚಿಯೇ ನೋಡಬೇಕು. ಕೆಂಪಗಿನ ನೀರುನೀರಾದ ಗ್ರೀಸ್ ಬಂದರೆ ಒಳಗೆ ನೀರು ನುಗ್ಗಿದೆ ಎಂದರ್ಥ. ಶಾಫ್ಟಿನ ಉದ್ದ ಕುಗ್ಗಿ ಹಿಗ್ಗಲು ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆಯಾದ ಸ್ಪ್ಲೈನಿಗೂ ಒಂದು ನಿಪ್ಪಲ್ ಇರುವುದುಂಟು, ಅದನ್ನು ಮರೆಯುವವರೇ ಹೆಚ್ಚು. ನಿಪ್ಪಲ್ಲೇ ಇಲ್ಲದ ಮುಚ್ಚಿದ ಕ್ರಾಸ್ ಆದರೆ ಗ್ರೀಸಿನ ಮಾತಿಲ್ಲ, ಆಟ ಮಾತ್ರ ನೋಡುತ್ತಿರಿ. ಎಂಜಿನ್ ಆಯಿಲ್ ಬದಲಿಸುವಾಗಲೆಲ್ಲ ಇದನ್ನೂ ಮಾಡಿಬಿಟ್ಟರೆ ಲೆಕ್ಕ ತಪ್ಪುವುದಿಲ್ಲ. ಗಾಡಿ ಆಳದ ನೀರು, ಕೆಸರು ದಾಟಿ ಬಂದಿದ್ದರೆ ಅಷ್ಟು ದಿನ ಕಾಯಲೂಬಾರದು.

ಬಿಚ್ಚಲೇಬೇಕಾಗಿ ಬಂದರೆ ಪಾನಾಕ್ಕಿಂತ ಮೊದಲು ಬಣ್ಣದ ಡಬ್ಬಿ ತೆಗೆಯಿರಿ. ಬೋಲ್ಟ್ ಹಾಕಿ ಕೂಡಿಸುವ ಬಿಲ್ಲೆಯಾದ ಫ್ಲಾಂಜ್‌ನಿಂದ ಯೋಕಿಗೆ, ಸ್ಪ್ಲೈನಿನ ಒಂದು ಭಾಗದಿಂದ ಇನ್ನೊಂದಕ್ಕೆ ನೇರ ಗೆರೆ ಎಳೆಯಿರಿ. ಸೀಮೆಸುಣ್ಣ ಬೇಡ, ಎಣ್ಣೆ ಕೈ ತಾಗಿದರೆ ಹೋಗುತ್ತದೆ. ಈ ಗೆರೆ ಯಾಕೆಂದರೆ, ಕೋನದಲ್ಲಿ ತಿರುಗುವ ಒಂದು ಕ್ರಾಸ್ ಪ್ರತಿ ಸುತ್ತಿಗೆ ಎರಡು ಸಲ ಶಾಫ್ಟನ್ನು ಚೂರು ವೇಗವಾಗಿ, ಎರಡು ಸಲ ಚೂರು ನಿಧಾನವಾಗಿ ತಿರುಗಿಸುತ್ತದೆ. ಆಚೆ ತುದಿಯ ಕ್ರಾಸ್ ಸರಿಯಾದ ನಿಲುವಿನಲ್ಲಿದ್ದರೆ ಆ ಏರಿಳಿತವನ್ನು ಸಮ ಮಾಡುತ್ತದೆ. ಸ್ಪ್ಲೈನನ್ನು ಒಂದೆರಡು ಹಲ್ಲು ತಪ್ಪಿಸಿ ಕೂರಿಸಿದರೆ ಆ ಸಮಾಧಾನ ಕೆಡುತ್ತದೆ, ಹೊಸ ಕ್ರಾಸ್ ಹಾಕಿಯೂ ಗಾಡಿ ನಡುಗುತ್ತಲೇ ಇರುತ್ತದೆ. ಆಗ ಎಲ್ಲರೂ ಬೈಯುವುದು ಹೊಸ ಕ್ರಾಸನ್ನು.

ಬೋಲ್ಟ್ ತೆಗೆಯುವಾಗ ಶಾಫ್ಟಿಗೆ ಆಧಾರ ಇರಲಿ, ಒಂದು ತುದಿಯಿಂದ ನೇತುಬಿಡಬೇಡಿ. ದೊಡ್ಡ ಲಾರಿಯದಾದರೆ ಇನ್ನೊಬ್ಬರನ್ನು ಕರೆದುಕೊಳ್ಳಿ, ಆ ಭಾರ ಎದೆಯ ಮೇಲೆ ಬೀಳಬಾರದು. ಕಳಚಿಕೊಂಡ ಕಪ್ಪುಗಳ ಸುತ್ತ ಕೂಡಲೇ ಟೇಪ್ ಸುತ್ತಿ, ನೀಡಲ್ ಉದುರಿದರೆ ಮಣ್ಣಿನಲ್ಲಿ ಹುಡುಕುವ ಪಾಡು. ಗೇರ್‌ಬಾಕ್ಸಿನ ಬಾಲದಿಂದ ಯೋಕ್ ಎಳೆಯುವ ಜಾತಿಯಾದರೆ ಎಣ್ಣೆ ಸೋರುತ್ತದೆ, ಕೆಳಗೆ ತಟ್ಟೆ ಇಡಿ, ಆಮೇಲೆ ಮಟ್ಟ ನೋಡಿ ತುಂಬಿ. ಹೌಸಿಂಗಿನ ಮೂತಿಯಲ್ಲಿ ನಡುವೆ ಇರುವ ದೊಡ್ಡ ನಟ್ಟಿಗೆ ಮಾತ್ರ ಕೈ ಹಾಕಬೇಡಿ. ಅದರ ಬಿಗಿತದ ಮೇಲೆ ಒಳಗಿನ ಬೇರಿಂಗಿನ ಲೆಕ್ಕ ನಿಂತಿದೆ.

ಕ್ರಾಸ್ ಬದಲಿಸುವಾಗ ಕಪ್ಪನ್ನು ಹಿಡಿದಿಡುವ ಸ್ಪ್ರಿಂಗಿನ ಬಳೆಯಂಥ ಸರ್ಕ್ಲಿಪ್ ತೆಗೆದು, ವೈಸಿನಲ್ಲಿಟ್ಟು, ಒಂದು ಕಡೆ ಚಿಕ್ಕ ಸಾಕೆಟ್, ಇನ್ನೊಂದು ಕಡೆ ಕಪ್ ಒಳಗೆ ಇಳಿಯುವಷ್ಟು ದೊಡ್ಡ ಸಾಕೆಟ್ ಕೊಟ್ಟು ಒತ್ತಿದರೆ ಕಪ್ ಹೊರಬರುತ್ತದೆ. ಪೈಪನ್ನು ವೈಸಿಗೆ ಕೊಡಬೇಡಿ, ನಗ್ಗುತ್ತದೆ. ಹೊಸ ಕಪ್ ಕೂರಿಸುವಾಗ ಸರ್ಕ್ಲಿಪ್ ತನ್ನ ತೋಡಿನಲ್ಲಿ ಕೂರಲು ಒಪ್ಪದಿದ್ದರೆ ಬಡಿಯಬೇಡಿ. ಒಂದು ನೀಡಲ್ ಜಾರಿ ಕಪ್ಪಿನ ತಳದಲ್ಲಿ ಅಡ್ಡ ಮಲಗಿರುತ್ತದೆ, ಹೊರತೆಗೆದು ನೋಡಿ. ಎಲ್ಲ ಕೂತ ಮೇಲೂ ಕ್ರಾಸ್ ಬಿಗಿಯಾಗಿ ತಿರುಗಿದರೆ ಯೋಕಿನ ಕಿವಿಗೆ ಹಿತ್ತಾಳೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಸಡಿಲವಾಗುತ್ತದೆ. ನಿಪ್ಪಲ್ ಮಾತ್ರ ಗನ್ ತಲುಪುವ ಕಡೆಗೇ ಇರಲಿ, ಇದನ್ನು ಜೋಡಿಸುವ ಮುಂಚೆ ನೋಡಿಕೊಳ್ಳಬೇಕು.

ಗೆರೆಗೆ ಗೆರೆ ಕೂಡಿಸಿ, ಬೋಲ್ಟುಗಳನ್ನು ಎದುರುಬದುರಾಗಿ, ಕೈಪಿಡಿಯ ಅಳತೆಗೆ ಟಾರ್ಕ್ ಪಾನಾದಲ್ಲಿ ಬಿಗಿ ಮಾಡಿ. ತುಸು ದೂರ ಓಡಿಸಿ ಬಂದು ಮತ್ತೊಮ್ಮೆ ಪಾನಾ ಇಟ್ಟು ನೋಡಿ. ಗುರುತು ಹಾಕದೆ ಬಿಚ್ಚಿಬಿಟ್ಟಿದ್ದು, ಈಗ ಸಣ್ಣ ನಡುಕ ಉಳಿದಿದ್ದರೆ, ಹಿಂದಿನ ಫ್ಲಾಂಜ್ ಬಳಿ ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ ಓಡಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಬ್ಯಾಲೆನ್ಸ್ ಮಾಡಿಸಲು ಕೊಟ್ಟುಬಿಡಿ.