ಬೇಸಿಗೆಯೋ, ಫಾಲ್ ಸೆಮಿಸ್ಟರೋ: ಫ್ಲಾರಿಡಾದಲ್ಲಿ ಪದವಿ ಓದನ್ನು ಯಾವಾಗ ಆರಂಭಿಸಬೇಕು?

ಫ್ಲಾರಿಡಾದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ಓದು ಆಗಸ್ಟ್ ಕೊನೆಗೆ ತೊಡಗುವ ಫಾಲ್ (ಶರತ್ಕಾಲದ) ಸೆಮಿಸ್ಟರ್‌ನಲ್ಲಷ್ಟೇ ಅಲ್ಲದೆ ಅದಕ್ಕೂ ಮುಂಚಿನ ಬೇಸಿಗೆಯಲ್ಲೂ ಆರಂಭವಾಗಬಹುದು. ಗೇನ್ಸ್‌ವಿಲ್‌ನ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ 'ಸಮ್ಮರ್ ಬಿ' ಎಂದು ಕರೆಯುವ ಈ ಅವಧಿ ಜೂನ್ ಕೊನೆ ಅಥವಾ ಜುಲೈ ಮೊದಲಿಗೆ ತೊಡಗಿ ಸುಮಾರು ಆರು ವಾರದಲ್ಲಿ ಮುಗಿಯುತ್ತದೆ.

ಮೊದಲು ನೋಡಬೇಕಾದದ್ದು ರಾಜ್ಯದ ಒಂದು ನಿಯಮವನ್ನು. 60ಕ್ಕಿಂತ ಕಡಿಮೆ ಕ್ರೆಡಿಟ್‌ಗಳೊಂದಿಗೆ (ಓದಿ ಮುಗಿಸಿದ ಪಾಠದ ಪ್ರಮಾಣವನ್ನು ಅಳೆಯುವ ಘಟಕಗಳು) ಸೇರಿದವರು ಪದವಿಗೆ ಮುಂಚೆ ಕನಿಷ್ಠ 9 ಕ್ರೆಡಿಟ್‌ಗಳನ್ನು ಬೇಸಿಗೆಯಲ್ಲಿ ಗಳಿಸಬೇಕೆಂಬುದು ಅಲ್ಲಿನ ಸಾಮಾನ್ಯ ಷರತ್ತು. ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಎ.ಪಿ. (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ವಿಷಯಗಳಂತಹವುಗಳಿಂದ ಕ್ರೆಡಿಟ್ ಪಡೆದಿರುವವರಿಗೆ ವಿನಾಯಿತಿ ಉಂಟೇ ಎಂಬುದನ್ನು ವಿಶ್ವವಿದ್ಯಾಲಯದಲ್ಲೇ ವಿಚಾರಿಸಬೇಕು. ಷರತ್ತು ಅನ್ವಯಿಸುವುದಾದರೆ, ಈ ಮೊದಲ ಬೇಸಿಗೆಯಲ್ಲೇ 6 ಕ್ರೆಡಿಟ್ ಮುಗಿಸಿಕೊಂಡವರು ಮುಂದೆ ಇಂಟರ್ನ್‌ಶಿಪ್ ಸಿಗುವ ಬೇಸಿಗೆಗಳನ್ನು ಬಹುಮಟ್ಟಿಗೆ ಬಿಡುವಾಗಿ ಉಳಿಸಿಕೊಳ್ಳಬಹುದು. ನನ್ನ ದೃಷ್ಟಿಯಲ್ಲಿ ಬೇಸಿಗೆಯ ಪರವಾಗಿರುವ ಅತ್ಯಂತ ಗಟ್ಟಿಯಾದ ಕಾರಣ ಇದೇ. ಕ್ಯಾಂಪಸ್ಸಿಗೆ ಬೇಗ ಹೊಂದಿಕೊಳ್ಳಬಹುದೆಂಬ ಮಾತಿಗೆ ಅಷ್ಟು ತೂಕವಿಲ್ಲ.

ಆದರೆ ಯಾವ ವಿಷಯ ತೆಗೆದುಕೊಳ್ಳುತ್ತೇವೆ ಎಂಬುದರ ಮೇಲೆ ಲಾಭ ನಷ್ಟ ನಿಂತಿದೆ. ಹದಿನೈದು ವಾರಗಳ ಪಾಠವನ್ನು ಆರು ವಾರಕ್ಕೆ ಇಳಿಸಿದಾಗ ಒಂದು ದಿನ ತಪ್ಪಿದರೂ ಎರಡು ಮೂರು ದಿನದ ಪಾಠ ಹಿಂದೆ ಬೀಳುತ್ತದೆ. ಎಂಜಿನಿಯರಿಂಗ್ ಓದುವವರು ಕ್ಯಾಲ್ಕ್ಯುಲಸ್, ರಸಾಯನಶಾಸ್ತ್ರಗಳನ್ನು ಫಾಲ್‌ಗೆ ಬಿಟ್ಟು, ಬರವಣಿಗೆ ಅಥವಾ ಸಮಾಜವಿಜ್ಞಾನದಂತಹ ಸಾಮಾನ್ಯ ಶಿಕ್ಷಣದ ಎರಡು ವಿಷಯಗಳನ್ನಷ್ಟೇ ಬೇಸಿಗೆಗೆ ಆರಿಸಿಕೊಳ್ಳುವುದು ಲೇಸು. ಮೊದಲ ಅಂಕಪಟ್ಟಿಯಲ್ಲೇ ಸರಾಸರಿ ಕುಸಿದರೆ ಅದನ್ನು ಮೇಲೆತ್ತಲು ವರ್ಷವೇ ಹಿಡಿದೀತು.

ಹಣದ ಲೆಕ್ಕವನ್ನು ಬೇರೆಯಾಗಿಯೇ ಹಾಕಬೇಕು. ಫೆಡರಲ್ ನೆರವಿನ ಅರ್ಜಿಯಾದ ಫಾಫ್ಸಾದಲ್ಲಿ ಈ ಬೇಸಿಗೆ ಹಿಂದಿನ ಶೈಕ್ಷಣಿಕ ವರ್ಷದ ನೆರವಿಗೆ ಸೇರುತ್ತದೆಯೋ ಮುಂದಿನದಕ್ಕೋ ಎಂಬುದು ವಿಶ್ವವಿದ್ಯಾಲಯದ ಪದ್ಧತಿಯನ್ನು ಅವಲಂಬಿಸಿದೆ. ಮುಂದಿನದಕ್ಕೆ ಸೇರಿದರೆ, ಹೆತ್ತವರನ್ನು ಅವಲಂಬಿಸಿರುವ ಮೊದಲ ವರ್ಷದ ವಿದ್ಯಾರ್ಥಿಯ 5,500 ಡಾಲರ್ ಸಾಲದ ಮಿತಿಯಲ್ಲಿ ಬೇಸಿಗೆಗೆ ಪಡೆದಷ್ಟೂ ಫಾಲ್‌ಗೂ ಅದರ ನಂತರದ ಸ್ಪ್ರಿಂಗ್ ಸೆಮಿಸ್ಟರ್‌ಗೂ ಕಡಿಮೆಯಾಗುತ್ತದೆ. ಬೇಸಿಗೆಯ ಕೋಣೆಯೇ ಫಾಲ್‌ಗೂ ಮುಂದುವರಿಯುತ್ತದೆಯೇ, ನಡುವಿನ ದಿನಗಳಲ್ಲಿ ಸಾಮಾನು ಎಲ್ಲಿಡಬೇಕು ಎಂಬುದನ್ನೂ ವಸತಿ ಕಚೇರಿಯಲ್ಲಿ ಕೇಳಬೇಕು.

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಊರಿಗೆ ಹೋಗಿಬರುವ ಕಾಲವೂ ಸಾಮಾನ್ಯವಾಗಿ ಜೂನ್, ಜುಲೈಗಳೇ. ಅಜ್ಜ ಅಜ್ಜಿಯರನ್ನು ನೋಡಿ ಕೆಲವು ವರ್ಷಗಳಾಗಿದ್ದರೆ ಫಾಲ್ ಅನ್ನು ಆರಿಸಿಕೊಳ್ಳುವುದರಲ್ಲಿ ಯಾವ ಹಿನ್ನಡೆಯೂ ಇಲ್ಲ.

ಕರ್ನಾಟಕದಿಂದ ಪಿಯುಸಿ ಮುಗಿಸಿ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬರುವವರ ಸ್ಥಿತಿ ಬೇರೆ. ಅವರ ಮೊದಲ ಅವಧಿಯೇ ಬೇಸಿಗೆಯಾದರೆ ಆಗಲೂ ಪೂರ್ಣಾವಧಿ ವ್ಯಾಸಂಗ ಕಡ್ಡಾಯ. ಫಲಿತಾಂಶ ಬಂದ ಮೇಲೆ ವೀಸಾ ಸಂದರ್ಶನಕ್ಕೆ ಉಳಿಯುವ ಸಮಯವೂ ಅತಿ ಕಡಿಮೆಯಾದ್ದರಿಂದ ಅವರಿಗೆ ಫಾಲ್ ಒಂದೇ ಸರಿಯಾದ ದಾರಿ.

ಪ್ರವೇಶ ದೊರೆತ ಬಳಿಕ ಅವಧಿಯನ್ನು ಬದಲಾಯಿಸಲು ಎಲ್ಲೆಡೆಯೂ ಅವಕಾಶವಿರುವುದಿಲ್ಲವಾದ್ದರಿಂದ, ಮುಂಗಡ ಕಟ್ಟುವ ಮೊದಲು ಪ್ರವೇಶ ಕಚೇರಿಯಿಂದ ಈ ಬಗ್ಗೆ ಲಿಖಿತ ಉತ್ತರ ಪಡೆದುಕೊಳ್ಳಬೇಕು.