ಮೊದಲು ಖಾಲಿ ಡಮ್ಮಿ, ಆಮೇಲೆ ವಿನ್ಯಾಸ

ಮುಚ್ಚಿಟ್ಟರೆ ಬಾಯಿ ಬಿಟ್ಟುಕೊಂಡಿರುತ್ತಿತ್ತು. ತೆರೆದರೆ ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕಿತ್ತು. ಒಂದು ಕೈ ತೆಗೆದರೆ ಪಟಕ್ಕನೆ ಮುಚ್ಚಿಕೊಳ್ಳುತ್ತಿತ್ತು. ನಾನೇ ವಿನ್ಯಾಸ ಮಾಡಿ, ನಾನೇ ಓಡಾಡಿ ಅಚ್ಚು ಹಾಕಿಸಿದ ಮೊದಲ ಪುಸ್ತಕದ ಕಥೆ ಇದು. ಪ್ರಬಂಧ, ಫೋಟೋ ಎಲ್ಲಾ ಸೇರಿ 208 ಪುಟ, ಅಳತೆ 170 × 240 ಮಿಲಿಮೀಟರ್. ಪರದೆಯ ಮೇಲೆ ನೋಡುವಾಗ ನನಗೇ ಹೆಮ್ಮೆ. ಮೊದಲ ಪ್ರತಿ ಓದಿದ ಗೆಳೆಯ ಅದನ್ನು ವಾಪಸ್ ಕೊಡುತ್ತಾ ಹೇಳಿದ್ದು ಇಷ್ಟು: "ಚೆನ್ನಾಗಿದೆ ಕಣೋ. ಆದ್ರೆ ಮಲಗಿಕೊಂಡು ಓದೋಕೆ ಆಗಲ್ಲ."

ಕಾಗದ ಆರಿಸಿದ್ದು ಹೇಗೆ ಅಂತ ಈಗ ನೆನೆಸಿಕೊಂಡರೆ ನಗು ಬರುತ್ತದೆ. ಮಾದರಿ ಪುಸ್ತಕದ ಅಂಗೈಯಗಲದ ಚೂರುಗಳನ್ನು ಒಂದೊಂದಾಗಿ ಬೆರಳಲ್ಲಿ ಉಜ್ಜಿ ನೋಡಿದೆ. 130 ಜಿಎಸ್‌ಎಂ ಮ್ಯಾಟ್ ಆರ್ಟ್ ಪೇಪರ್ ರೇಷ್ಮೆಯ ಹಾಗಿತ್ತು. ಅದೇ ಇರಲಿ ಅಂದೆ. ಫೋಟೋಗಳು ಇವೆ, ಆರ್ಟ್ ಪೇಪರ್ರೇ ಬೇಕು ಅನ್ನೋದು ತಲೆಯಲ್ಲಿತ್ತು. ಅಂಗೈಯಗಲದ ಚೂರು ಒಂದೇ ಹಾಳೆ. ಅಂಥ 104 ಹಾಳೆ ಸೇರಿದರೆ ಎಷ್ಟು ಭಾರ, ಹೇಗೆ ಬಾಗುತ್ತದೆ, ದೀಪದ ಕೆಳಗೆ ಎಷ್ಟು ಹೊಳೆಯುತ್ತದೆ ಅನ್ನೋದು ಆ ಚೂರಿನಲ್ಲಿ ಗೊತ್ತಾಗೋದೇ ಇಲ್ಲ.

ಭಾರದ ಲೆಕ್ಕ ಸುಲಭದ್ದು. ನಾನು ಮಾಡಿರಲಿಲ್ಲ, ಅಷ್ಟೇ. ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನೋದು. ನನ್ನ ಅಳತೆಯ 104 ಹಾಳೆ ಹರಡಿದರೆ ಸುಮಾರು 4.24 ಚದರ ಮೀಟರ್. 130ರಿಂದ ಗುಣಿಸಿದರೆ ಒಳಪುಟಗಳೇ 550 ಗ್ರಾಂ. ಮುಖಪುಟ ಬೇರೆ. ಇನ್ನೊಂದು ಉಪಾಯವನ್ನೂ ಆಮೇಲೆ ಕಲಿತೆ. ಎ0 ಹಾಳೆ ಒಂದು ಚದರ ಮೀಟರ್, ಅದರ ಹದಿನಾರನೇ ಒಂದು ಭಾಗ ಎ4. ಹಾಗಾಗಿ ಗೊತ್ತಿಲ್ಲದ ಕಾಗದದ 16 ಎ4 ಹಾಳೆ ತೂಕ ಹಾಕಿದರೆ ಬರುವ ಗ್ರಾಮೇ ಅದರ ಜಿಎಸ್‌ಎಂ.

ಕೆಲವು ತಿಂಗಳಲ್ಲಿ ಪುಟಗಳೂ ಕಳಚತೊಡಗಿದವು. ಎರಡನೇ ಮುದ್ರಣ ಬೇಕು ಅಂದಾಗ ಖುಷಿಗಿಂತ ಭಯವೇ ಜಾಸ್ತಿ ಆಯ್ತು. ಈ ಸಲ ಕಂಪ್ಯೂಟರ್ ತೆರೆಯುವ ಮೊದಲು ಒಬ್ಬ ಹಿರಿಯ ಬೈಂಡರ್ ಹತ್ತಿರ ಹೋದೆ. ಅವರು ಪುಸ್ತಕ ತೆರೆದು ಓದಲಿಲ್ಲ, ಫೋಟೋ ನೋಡಲಿಲ್ಲ. ಒಂದು ಹಾಳೆಯನ್ನು ಉದ್ದಕ್ಕೆ ಬಾಗಿಸಿದರು, ಅಡ್ಡಕ್ಕೆ ಬಾಗಿಸಿದರು. "ಅಡ್ಡ ಎಳೆ ಸಾರ್ ಇದು. ಏನ್ ಮಾಡಿದ್ರೂ ಇಷ್ಟೇ ಬಿಚ್ಚಿಕೊಳ್ಳೋದು" ಅಂದರು.

ಎಳೆ ಅಂದ್ರೆ ಗ್ರೇನ್. ಕಾರ್ಖಾನೆಯಲ್ಲಿ ಕಾಗದದ ತಿರುಳು ಯಂತ್ರದ ಜಾಲರಿಯ ಮೇಲೆ ಓಡುವಾಗ ನಾರುಗಳಲ್ಲಿ ಹೆಚ್ಚಿನವು ಓಟದ ದಿಕ್ಕಿಗೇ ಮಲಗುತ್ತವೆ. ಆ ದಿಕ್ಕಿನುದ್ದಕ್ಕೆ ಕಾಗದ ಸಲೀಸಾಗಿ ಮಡಚುತ್ತದೆ, ನೇರವಾಗಿ ಹರಿಯುತ್ತದೆ. ಅಡ್ಡಕ್ಕೆ ಹರಿದರೆ ಸೊಟ್ಟಪಟ್ಟ. ಪುಸ್ತಕದಲ್ಲಿ ಎಳೆ ಬೆನ್ನಿಗೆ ಸಮಾನಾಂತರ ಇರಬೇಕು. ಇದ್ದರೆ ಪುಟ ತನ್ನ ಪಾಡಿಗೆ ಬಾಗಿ ಮಲಗುತ್ತದೆ. ಇಲ್ಲದಿದ್ದರೆ ಪ್ರತಿ ಪುಟವೂ ಒಂದು ಸ್ಪ್ರಿಂಗ್. ಇನ್ನೊಂದು ತೊಂದರೆಯೂ ಇದೆ. ತೇವ ಹೀರಿದಾಗ ನಾರು ಉದ್ದಕ್ಕಿಂತ ಅಗಲಕ್ಕೆ ಜಾಸ್ತಿ ಹಿಗ್ಗುತ್ತದೆ. ಎಳೆ ಅಡ್ಡ ಇದ್ದರೆ ಆ ಹಿಗ್ಗು ಬೆನ್ನಿನುದ್ದಕ್ಕೆ ಬರುತ್ತದೆ. ಆದರೆ ಬೆನ್ನನ್ನು ಅಂಟು ಹಿಡಿದುಕೊಂಡಿರುತ್ತದಲ್ವಾ? ಹಿಗ್ಗಲು ಜಾಗ ಸಿಗದೆ ಪುಟ ಅಲೆ ಅಲೆಯಾಗಿ ಏಳುತ್ತದೆ. ನನ್ನ ಪುಸ್ತಕದ ಬೆನ್ನಿನ ಹತ್ತಿರ ಆ ಅಲೆಗಳೂ ಇದ್ದವು. ನಾನು ಅಲ್ಲಿಯವರೆಗೆ ಅದನ್ನು ಹವೆಯ ತಪ್ಪು ಅಂದುಕೊಂಡಿದ್ದೆ.

ಅನುಮಾನ ಇದ್ದರೆ ಒಂದು ಚೌಕ ಕತ್ತರಿಸಿ ಒಂದು ಮುಖಕ್ಕೆ ಮಾತ್ರ ನೀರು ಸವರಬೇಕು. ಅದು ಕೊಳವೆಯ ಹಾಗೆ ಸುರುಳಿಯಾಗುತ್ತದೆ. ಕೊಳವೆ ಯಾವ ಕಡೆಗೆ ಉದ್ದವೋ ಎಳೆ ಆ ಕಡೆಗೆ. ಕಾಗದದ ಬಂಡಲ್ ಮೇಲಿನ ಎರಡು ಅಳತೆಗಳಲ್ಲಿ ಎರಡನೆಯದು ಎಳೆಯ ದಿಕ್ಕು ಅನ್ನುವ ವಾಡಿಕೆ ಇದೆ, ಕೆಲವರು ಅದಕ್ಕೆ ಅಡಿಗೆರೆ ಹಾಕುತ್ತಾರೆ. ನಾನಂತೂ ನೀರು ಸವರಿಯೇ ನೋಡುತ್ತೇನೆ.

ನನ್ನ ಮೊದಲ ಸಲ ತಪ್ಪಿದ್ದು ಎಲ್ಲಿ ಅಂದ್ರೆ ಶೀಟಿನಲ್ಲಿ. ಫಾರಂ ಅಂದ್ರೆ ಒಂದು ದೊಡ್ಡ ಶೀಟಿಗೆ ಎರಡೂ ಕಡೆ ಅಚ್ಚು ಹಾಕಿ ಮಡಚಿದ ಕಟ್ಟು. 16 ಪುಟದ ಒಂದು ಫಾರಂನಲ್ಲಿ ಶೀಟಿನ ಒಂದು ಮುಖಕ್ಕೆ 8 ಪುಟ, ಉದ್ದಕ್ಕೆ ನಾಲ್ಕು, ಅಗಲಕ್ಕೆ ಎರಡು. ಪುಟದ 240 ಮಿಲಿಮೀಟರ್ ಬದಿ, ಅಂದ್ರೆ ಬೆನ್ನಿನ ಬದಿ, ಶೀಟಿನ ಗಿಡ್ಡ ಬದಿಗೆ ಸಮಾನಾಂತರ ಬೀಳುತ್ತದೆ. ಹಾಗಾಗಿ ಎಳೆ ಗಿಡ್ಡ ಬದಿಗೆ ಇರುವ ಶೀಟು ಬೇಕಿತ್ತು. ಉದ್ದೆಳೆಯ ಶೀಟು ಕೈಗೆ ಸಿಕ್ಕಿತ್ತು, ಪ್ರೆಸ್ಸಿನವರು ಅದರಲ್ಲೇ ಹೊಡೆದರು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಬೈಂಡರ್ ಹತ್ತಿರ ಈ ಸಲ ಒಂದು ಖಾಲಿ ಡಮ್ಮಿ ಮಾಡಿಕೊಡಿ ಅಂದೆ. ಅಚ್ಚಿಲ್ಲದ, ಆದರೆ ನಿಜವಾದ ಕಾಗದದಲ್ಲಿ, ನಿಜವಾದ ಪುಟಸಂಖ್ಯೆಯಲ್ಲಿ, ನಿಜವಾದ ಬೈಂಡಿಂಗ್‌ನಲ್ಲಿ. ಒಂದಲ್ಲ, ಮೂರು ಮಾಡಿಸಿದೆ. ಮೊದಲನೆಯದು ಲೇಪನವಿಲ್ಲದ ಮಾಮೂಲಿ ಅಚ್ಚಿನ ಕಾಗದ, 80 ಜಿಎಸ್‌ಎಂ ಮ್ಯಾಪ್‌ಲಿಥೋ. ಹಗುರ, ಚೆನ್ನಾಗಿ ತೆರೆಯುತ್ತಿತ್ತು, ಆದರೆ ಅಚ್ಚಾದರೆ ಹಿಂದಿನ ಪುಟ ಇಣುಕುವಷ್ಟು ತೆಳು. ಎರಡನೆಯದು 100 ಜಿಎಸ್‌ಎಂ ಆರ್ಟ್ ಪೇಪರ್. ಕೈಯಲ್ಲಿ ಹಿಡಿದ ತಕ್ಷಣ ಹಳೆಯ ಪುಸ್ತಕ ನೆನಪಾಗಿ ಪಕ್ಕಕ್ಕಿಟ್ಟೆ. ಮೂರನೆಯದು ಲೇಪನವಿಲ್ಲದ, ಸ್ವಲ್ಪ ಕೆನೆ ಬಣ್ಣದ 90 ಜಿಎಸ್‌ಎಂ ಬಲ್ಕಿ ಕಾಗದ.

ಈ ಬಲ್ಕ್ ಅನ್ನೋದನ್ನು ಮೊದಲೇ ಯಾರಾದರೂ ಹೇಳಿದ್ದರೆ! ತೂಕ ಬೇರೆ, ದಪ್ಪ ಬೇರೆ. ಆರ್ಟ್ ಪೇಪರನ್ನು ಸುಣ್ಣದಂಥ ಲೇಪನ ಬಳಿದು ಒತ್ತಿ ನಯ ಮಾಡಿರುತ್ತಾರೆ. ಭಾರ ಜಾಸ್ತಿ, ದಪ್ಪ ಕಡಿಮೆ. ನನ್ನ 130 ಜಿಎಸ್‌ಎಂ ಹಾಳೆ ಸುಮಾರು 117 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪ ಇತ್ತು. ಈ 90 ಜಿಎಸ್‌ಎಂ ಬಲ್ಕಿ ಕಾಗದ 135 ಮೈಕ್ರಾನ್. ಅಂದ್ರೆ ಪುಸ್ತಕ ಸುಮಾರು 170 ಗ್ರಾಂ ಹಗುರ, ಆದರೆ ನೋಡಲು ಇನ್ನೂ ದಪ್ಪ. ಗೆಳೆಯನ ಕೈಗೆ ಕೊಟ್ಟೆ. ಮಲಗಿಕೊಂಡು ಎದೆಯ ಮೇಲೆ ಇಟ್ಟುಕೊಂಡ. ಏನೂ ಹೇಳಲಿಲ್ಲ, ವಾಪಸ್ಸೂ ಕೊಡಲಿಲ್ಲ. ಸಾಕಾಯ್ತು.

ಆ ಡಮ್ಮಿಯನ್ನು ಎರಡು ವಾರ ಜೊತೆಯಲ್ಲೇ ಇಟ್ಟುಕೊಂಡೆ. ಹೆಬ್ಬೆರಳು ಎಲ್ಲಿ ಬೀಳುತ್ತದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡಿದೆ. ಬೆನ್ನಿನ ಹತ್ತಿರ ಪುಟ ಎಲ್ಲಿಂದ ತಿರುಗತೊಡಗುತ್ತದೆ ಅಂತ ಗೆರೆ ಎಳೆದೆ. ಮಾರ್ಜಿನ್ ಆ ಗೆರೆಗಳಿಂದಲೇ ಬಂತು. ಮೊದಲ ಸಲ ಪರದೆಯ ಮೇಲೆ ಕಣ್ಣಳತೆಯಲ್ಲಿ ಇಟ್ಟಿದ್ದೆ.

ಬೈಂಡಿಂಗ್‌ನಲ್ಲಿ ತಲೆಕೆಡಿಸಿಕೊಂಡಷ್ಟು ಬೇರೆಲ್ಲೂ ಕೆಡಿಸಿಕೊಳ್ಳಲಿಲ್ಲ. ಸೆಂಟರ್ ಪಿನ್, ಅಂದ್ರೆ ನಡುಮಡಿಕೆಗೆ ಪಿನ್ ಹೊಡೆಯೋದು, 208 ಪುಟಕ್ಕೆ ಆಗದ ಮಾತು. ಅದು ತೆಳ್ಳಗಿನ ಸಂಚಿಕೆಗಳಿಗೆ ಸರಿ. ಅಲ್ಲೂ ಪುಟ ನಾಲ್ಕರ ಗುಣಕ ಇರಬೇಕು, ಒಳಗಿನ ಹಾಳೆಗಳು ಹೊರಕ್ಕೆ ತಳ್ಳಿಕೊಂಡು ಬರುವುದನ್ನು ಲೆಕ್ಕ ಹಿಡಿಯಬೇಕು. ಉಳಿದದ್ದು ಪರ್ಫೆಕ್ಟ್ ಬೈಂಡಿಂಗ್ ಮತ್ತು ಹೊಲಿಗೆ. ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ ಫಾರಂಗಳ ಬೆನ್ನು ಕೆತ್ತಿ, ಬಿಡಿ ಹಾಳೆಗಳ ಅಂಚಿಗೆ ಅಂಟು ಹಾಕುತ್ತಾರೆ. ಅಂಟು ಹಿಡಿಯೋದು ನಾರನ್ನು. ಆರ್ಟ್ ಪೇಪರಿನಲ್ಲಿ ನಾರು ಕಡಿಮೆ, ಲೇಪನ ಜಾಸ್ತಿ, ಅದಕ್ಕೇ ಬೇಗ ಕಳಚುತ್ತದೆ. ತಣ್ಣಗಾದರೆ ಗಟ್ಟಿಯಾಗುವ ಮಾಮೂಲಿ ಹಾಟ್ ಮೆಲ್ಟ್ ಅಂಟಿನ ಬದಲು ಪಿಯುಆರ್ (ಪಾಲಿಯುರೆಥೇನ್) ಅಂಟು ಹಾಕಿದರೆ ಬಹಳ ಗಟ್ಟಿ. ಅದು ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ, ಪೂರ್ತಿ ಹಿಡಿಯಲು ಸುಮಾರು ಒಂದು ದಿನ ಬೇಕು. ಅದಕ್ಕೆ ಮೊದಲೇ ಎಳೆದು ಪರೀಕ್ಷೆ ಮಾಡಬಾರದು. ನನಗೆ ಪಿಯುಆರ್ ಸಾಕಾಗುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ. ಆದರೆ ಹೊಲಿದ ಡಮ್ಮಿ ಮೇಜಿನ ಮೇಲೆ ಅಂಗಾತ ಮಲಗಿದ್ದನ್ನು ನೋಡಿದ ಮೇಲೆ ಮನಸ್ಸು ಅಲ್ಲೇ ನಿಂತಿತು. ಖರ್ಚು ಏರಿತು. ಅದಕ್ಕಾಗಿ ಮುಖಪುಟದ ಅಲಂಕಾರ ಎಲ್ಲಾ ಬಿಟ್ಟೆ.

ಹೊಲಿಗೆಯಿಂದ ನಾನು ನಿರೀಕ್ಷೆ ಮಾಡದ ಒಂದು ಲಾಭ ಆಯ್ತು. ಎರಡು ಪುಟಗಳ ಮೇಲೆ ಹರಡಿದ ಎರಡು ಫೋಟೋ ಇದ್ದವು. ಮೊದಲ ಮುದ್ರಣದಲ್ಲಿ ನಡುವಿನ ಭಾಗವನ್ನು ಬೆನ್ನು ನುಂಗಿತ್ತು. ಒಬ್ಬರ ಮುಖವೇ ಅರ್ಧ ಮಾಯ. ಫಾರಂ ಹೊಲಿಯುವಾಗ ಅದರ ನಟ್ಟನಡುವಿನ ಎರಡು ಪುಟ ಒಂದೇ ಹಾಳೆಯ ಭಾಗ, ನಡುವೆ ದಾರ ಬಿಟ್ಟರೆ ಏನೂ ಇಲ್ಲ. 16 ಪುಟದ ಫಾರಂ ಆದರೆ 8-9, 24-25, 40-41 ಹೀಗೆ ಹೋಗುತ್ತದೆ. ನಾನು ಪ್ರಬಂಧಗಳ ಕ್ರಮ ಸ್ವಲ್ಪ ಬದಲಿಸಿ ಆ ಫೋಟೋಗಳನ್ನು 40-41ಕ್ಕೂ 104-105ಕ್ಕೂ ತಂದೆ. ಲೇಖಕರಿಗೆ ಕಾರಣ ವಿವರಿಸಲು ಡಮ್ಮಿಯನ್ನೇ ತೆರೆದು ತೋರಿಸಿದೆ. ಒಪ್ಪಿದರು.

ಇಣುಕುವ ಕಾಟಕ್ಕೆ ದಪ್ಪ ಕಾಗದವೇ ಮದ್ದು ಅಂತಿಲ್ಲ. ಹಾಳೆಯ ಎರಡೂ ಬದಿಯ ಸಾಲುಗಳು ಬೆನ್ನಿಗೆ ಬೆನ್ನು ಕೂತರೆ ಹಿಂದಿನ ಸಾಲು ಮುಂದಿನ ಸಾಲಿನ ಹಿಂದೆ ಅಡಗುತ್ತದೆ. ಸಾಲು ತಪ್ಪಿದರೆ ಎರಡು ಸಾಲಿನ ನಡುವಿನ ಬಿಳಿಯಲ್ಲಿ ಹಿಂದಿನ ಅಕ್ಷರ ಬೂದು ಬಣ್ಣದಲ್ಲಿ ತೋರುತ್ತದೆ. ಒತ್ತಕ್ಷರ ಬೇರೆ ಆ ಬಿಳಿಗೆ ಕಾಲು ಚಾಚುತ್ತದಲ್ವಾ, ಕನ್ನಡದಲ್ಲಿ ಇದು ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಇಡೀ ಪುಸ್ತಕವನ್ನು, ಎಲ್ಲಾ ಪುಟದ ಸಾಲುಗಳೂ ಒಂದೇ ಮಟ್ಟಕ್ಕೆ ಬರುವ ಹಾಗೆ, ಒಂದೇ ಬೇಸ್‌ಲೈನ್ ಗ್ರಿಡ್‌ಗೆ ಕೂರಿಸಿದೆ. ಒಂದು ದಿನದ ಕೆಲಸ.

ಫೋಟೋಗಳದ್ದು ಬೇರೆಯೇ ಪಾಠ. ಲೇಪನವಿಲ್ಲದ ಕಾಗದ ಶಾಯಿ ಕುಡಿಯುತ್ತದೆ, ಫೋಟೋ ಮೂಡಿಸುವ ಅಚ್ಚಿನ ಚುಕ್ಕೆ ಹರಡುತ್ತದೆ. ಫೈಲಿನಲ್ಲಿ ಶೇಕಡಾ 50 ಇರುವ ಬೂದು, ಕಾಗದದ ಮೇಲೆ ಹತ್ತಿರಹತ್ತಿರ 70ರ ಹಾಗೆ ಕಾಣುತ್ತದೆ. ಹಳೆಯ ಫೈಲನ್ನೇ ಕೊಟ್ಟಿದ್ದರೆ ಎಲ್ಲಾ ಮುಸ್ಸಂಜೆ ಆಗುತ್ತಿತ್ತು. ಮೂಲ ಫೋಟೋಗಳಿಂದ ಮತ್ತೆ ಶುರು ಮಾಡಿದೆ. ಲೇಪನವಿಲ್ಲದ ಕಾಗದದ ಕಲರ್ ಪ್ರೊಫೈಲ್‌ಗೆ ಬದಲಿಸಿ, ನಡುಬೆಳಕನ್ನು ಎತ್ತಿ, ನಾಲ್ಕೂ ಬಣ್ಣ ಕೂಡಿದ ಒಟ್ಟು ಶಾಯಿಯನ್ನು ಶೇಕಡಾ 280ರ ಒಳಗೆ ಹಿಡಿದೆ. ಹೆಚ್ಚಿನವು ಮೊದಲಿಗಿಂತ ಮೃದುವಾಗಿ ಬಂದವು, ನನಗೆ ಅದೇ ಇಷ್ಟ. ಆದರೆ ರಾತ್ರಿಯಲ್ಲಿ ತೆಗೆದ ಎರಡು ಫೋಟೋ ಸೋತವು. ಆ ಆಳದ ಕಪ್ಪು ಈ ಕಾಗದದಲ್ಲಿ ಬರುವುದಿಲ್ಲ. ಎಷ್ಟು ತಿದ್ದಿದರೂ ಒಂದು ಕೆಸರಿನ ಹಾಗೆ ಉಳಿಯಿತು. ಒಂದನ್ನು ತೆಗೆದೇ ಹಾಕಿದೆ.

ಪಠ್ಯ ಪೂರ್ತಿ ಬರೀ ಕಪ್ಪಿನಲ್ಲಿರಬೇಕು ಅನ್ನೋದನ್ನು ಇಲ್ಲಿ ಹೇಳಿಬಿಡುತ್ತೇನೆ. ವರ್ಡ್‌ನಿಂದ ತಂದ ಒಂದು ಅಧ್ಯಾಯ ನಾಲ್ಕು ಬಣ್ಣ ಸೇರಿಸಿದ ಕಪ್ಪಾಗಿತ್ತು. ಬಣ್ಣಕ್ಕೊಂದರಂತೆ ಇರುವ ಅಚ್ಚಿನ ಪ್ಲೇಟ್ ಕೂದಲೆಳೆಯಷ್ಟು ಜರುಗಿದರೂ ಅಕ್ಷರಗಳ ಸುತ್ತ ಬಣ್ಣದ ನೆರಳು ಬರುತ್ತಿತ್ತು. ಪ್ಲೇಟ್ ಮಾಡುವ ಮುಂಚೆ ಸಿಕ್ಕಿತು, ಪುಣ್ಯ.

ಮುಖಪುಟಕ್ಕೆ ಮೊದಲ ಸಲ ಮ್ಯಾಟ್ ಲ್ಯಾಮಿನೇಷನ್ ಹಾಕಿಸಿದ್ದೆ. ಬಾಯಿ ಬಿಟ್ಟುಕೊಂಡಿದ್ದು ಅದರಿಂದಲೂ ಹೌದು. ಹೊರಬದಿಯ ಪ್ಲಾಸ್ಟಿಕ್ ಹಿಗ್ಗುವುದಿಲ್ಲ, ಒಳಬದಿ ಕಾಗದ ತೇವ ಹೀರಿ ಹಿಗ್ಗುತ್ತದೆ, ಮುಖಪುಟ ರೆಕ್ಕೆಯ ಹಾಗೆ ಹೊರಕ್ಕೆ ಬಾಗುತ್ತದೆ. ಗಾಢ ಬಣ್ಣದ ಮೇಲೆ ಉಗುರಿನ ಗೀರುಗಳೂ ಎದ್ದು ಕಂಡವು. ಈ ಸಲ ಬಣ್ಣದ್ದೇ ಆದ 250 ಜಿಎಸ್‌ಎಂ ಲೇಪನವಿಲ್ಲದ ಕಾರ್ಡ್, ಮೇಲೆ ಕಪ್ಪು ಶಾಯಿ ಒಂದೇ, ಎರಡೂ ಕಡೆ ಅಗಲವಾದ ಮಡಿಕೆ. ಎಳೆ ಬೆನ್ನಿನುದ್ದಕ್ಕೆ ಇದೆಯಾ ಅಂತ ಎರಡು ಸಲ ಕೇಳಿದೆ. ಬೆನ್ನಿನ ಅಗಲ ಲೆಕ್ಕದಲ್ಲಿ 14 ಮಿಲಿಮೀಟರ್ ಬಂದಿತ್ತು. ಡಮ್ಮಿಯನ್ನು ಅಳೆದರೆ ಹತ್ತಿರಹತ್ತಿರ 15. ದಾರಕ್ಕೂ ದಪ್ಪ ಇರುತ್ತದೆ! ಲೆಕ್ಕವನ್ನೇ ನಂಬಿದ್ದರೆ ಬೆನ್ನಿನ ಹೆಸರು ಪಕ್ಕಕ್ಕೆ ಜಾರುತ್ತಿತ್ತು.

ಅಚ್ಚಿನ ದಿನ ನಾನು ಯಂತ್ರದ ಪಕ್ಕ ನಿಂತಿದ್ದೆ. ನಿಲ್ಲಬೇಕು, ಆದರೆ ಬಾಯಿ ಕಡಿಮೆ ಬಿಡಬೇಕು. ಐದನೇ ಫಾರಂನ ಹೊರಬದಿ ಹಸಿಯಾಗಿದ್ದಾಗ ಅಕ್ಷರ ತುಂಬಾ ಗಾಢ ಅನ್ನಿಸಿ, ಕಪ್ಪು ಸ್ವಲ್ಪ ಇಳಿಸಿ ಅಂದೆ. ಯಂತ್ರ ನಡೆಸುವವರು ನನ್ನ ಮುಖ ನೋಡಿದರು. "ಒಣಗಿದ ಮೇಲೆ ಇಳಿಯುತ್ತೆ ಸಾರ್" ಅಂದರು. ನಾನು ಕೇಳಲಿಲ್ಲ. ಲೇಪನವಿಲ್ಲದ ಕಾಗದದಲ್ಲಿ ಹಸಿ ಶಾಯಿ ಮಿಂಚುತ್ತದೆ, ಒಳಗಿಳಿದು ಒಣಗಿದ ಮೇಲೆ ಮಂಕಾಗುತ್ತದೆ. ಮರುದಿನ ಹೋಗಿ ನೋಡಿದರೆ ಆ ಬದಿ ಉಳಿದದ್ದಕ್ಕಿಂತ ತೆಳು.

ಪುಸ್ತಕ ಈಗ ಚೆನ್ನಾಗಿ ತೆರೆಯುತ್ತದೆ, ಮುಚ್ಚಿದರೆ ಮುಚ್ಚಿಕೊಂಡಿರುತ್ತದೆ. ಆದರೆ 66-67ನೇ ಪುಟ ತೆರೆದರೆ ಕಪ್ಪು ಸರಿಯಾಗಿದೆ, 68-69 ಒಂದು ಛಾಯೆ ಕಡಿಮೆ. 70-71 ಮತ್ತೆ ಸರಿ, 72-73 ಮತ್ತೆ ತೆಳು. ಶೀಟಿನ ಒಂದೇ ಬದಿ ಇಳಿಸಿದ್ದಕ್ಕೆ ಹೀಗೆ ಒಂದು ಬಿಟ್ಟು ಒಂದು. ಇದುವರೆಗೆ ಓದಿದ ಯಾರೂ ಹೇಳಿಲ್ಲ. ಯಂತ್ರ ನಡೆಸಿದವರಿಗೆ ಒಂದು ಪ್ರತಿ ಕೊಟ್ಟೆ. ಅವರು ಬೆನ್ನು ಸವರಿ, ಮುಖಪುಟ ತಿರುಗಿಸಿ, ನೇರ 68ನೇ ಪುಟ ತೆರೆದರು.